ಪ್ರೊಫೈಲ್ ಬದಲಿಸದೆ ಸಿಸ್ಟಮ್ ಸೆಟ್ ಅನ್ನು ತಿಳಿಯುವ ಬಗೆ

ಪ್ರಶ್ನೆ: ನಾನು ಜೆಂಟೂ ಲಿನಕ್ಸ್ ಇರುವ ಮೂರು ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಒಂದು ಓಪನ್‌ಆರ್‌ಸಿಯ (ಸೇವೆಗಳನ್ನು ಶುರುಮಾಡಿ ನಡೆಸುವ ವ್ಯವಸ್ಥೆ) ಡೆಸ್ಕ್‌ಟಾಪ್ ಪ್ರೊಫೈಲ್‌ನಲ್ಲಿದೆ (ಪ್ರೊಫೈಲ್ ಎಂದರೆ ಯಂತ್ರಕ್ಕೆ ಜೆಂಟೂ ಕೊಡುವ ಮೂಲ ಸಂರಚನೆ), ಇನ್ನೊಂದು ಅದೇ ಕೆಲಸ ಮಾಡುವ ಸಿಸ್ಟಮ್‌ಡಿಯ ಪ್ರೊಫೈಲ್‌ನಲ್ಲಿದೆ, ಮೂರನೆಯದನ್ನು ಮಸಲ್ ಎಂಬ ಸಿ ಲೈಬ್ರರಿಯ ಪ್ರೊಫೈಲ್‌ಗೆ ಬದಲಾಯಿಸುವ ಯೋಚನೆಯಿದೆ. ಅದಕ್ಕೂ ಮೊದಲು ಪ್ರತಿಯೊಂದು ಪ್ರೊಫೈಲ್‌ನ ಸಿಸ್ಟಮ್ ಸೆಟ್‌ನಲ್ಲಿ, ಅಂದರೆ ಯಂತ್ರದಲ್ಲಿ ಸದಾ ಇರಬೇಕೆಂದು ಪ್ರೊಫೈಲ್ ಹೇಳುವ ಪಟ್ಟಿಯಲ್ಲಿ, ಯಾವ ಪ್ಯಾಕೇಜ್‌ಗಳಿವೆ ಎಂದು ಪಟ್ಟಿ ಮಾಡಿ ಹೋಲಿಸಲು ಹೊರಟೆ. ಡೆಸ್ಕ್‌ಟಾಪ್ ಪ್ರೊಫೈಲ್‌ನ ಡೈರೆಕ್ಟರಿಯಲ್ಲಿ ಪ್ಯಾಕೇಜಸ್ ಎಂಬ ಫೈಲೇ ಇರಲಿಲ್ಲ. ಪ್ಯಾಕೇಜ್ ಸ್ಥಾಪಿಸುವ ಎಮರ್ಜ್ ಕಮಾಂಡ್‌ಗೆ ಎಂಪ್ಟಿಟ್ರೀ (ಏನೂ ಸ್ಥಾಪನೆಯಾಗಿಲ್ಲವೆಂದು ಭಾವಿಸಿ ಲೆಕ್ಕ ಹಾಕುವ) ಆಯ್ಕೆ ಕೊಟ್ಟು ಕೇಳಿದರೆ ನೂರಾರು ಹೆಸರುಗಳು ಬಂದವು. ಈ ನಡುವೆ ಒಮ್ಮೆ, ಬೇಡದ ಪ್ಯಾಕೇಜ್‌ಗಳನ್ನು ಅಳಿಸುವ ಡಿಪ್‌ಕ್ಲೀನ್ ನಡೆಸಿದಾಗ, ಸಿಸ್ಟಮ್‌ನ ಭಾಗವೆಂದೇ ನಾನು ನಂಬಿದ್ದ ನ್ಯಾನೋ ಎಡಿಟರ್ ಅಳಿಸಿಹೋಯಿತು. ಯಾವುದನ್ನು ನಂಬಲಿ? ಪ್ರೊಫೈಲ್ ಅನ್ನು ಒಂದೊಂದಾಗಿ ಬದಲಿಸಿ, ಪಟ್ಟಿ ತೆಗೆದುಕೊಂಡು, ಮತ್ತೆ ಮೊದಲಿನದಕ್ಕೆ ಮರಳಿದರೆ ಹಾನಿಯಿದೆಯೇ?

ಉತ್ತರ: ನೀವು ಕಂಡ ಮೂರು ಸಂಗತಿಗಳೂ ನಿಜ, ಮೂರೂ ಪರಸ್ಪರ ವಿರುದ್ಧವಾಗಿಲ್ಲ. ಗೊಂದಲ ಹುಟ್ಟಿದ್ದು ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪ್ರಶ್ನೆಯೆಂದು ತಿಳಿದು ಕೇಳಿದ್ದರಿಂದ. ಪ್ರೊಫೈಲ್ ಯಾವ ಹೆಸರುಗಳನ್ನು ಸಿಸ್ಟಮ್ ಸೆಟ್‌ಗೆ ಸೇರಿಸುತ್ತದೆ ಎಂಬುದು ಮೊದಲನೆಯದು. ಆ ಹೆಸರುಗಳನ್ನು ಕೊನೆಗೆ ಯಾವ ಪ್ಯಾಕೇಜ್ ಪೂರೈಸುತ್ತದೆ ಎಂಬುದು ಎರಡನೆಯದು. ಅವುಗಳ ಅವಲಂಬನೆಗಳೆಲ್ಲ ಸೇರಿದರೆ ಒಟ್ಟು ಎಷ್ಟಾಗುತ್ತದೆ ಎಂಬುದು ಮೂರನೆಯದು. ಈ ಯಂತ್ರದಲ್ಲಿ ಈಗ ಏನು ಸ್ಥಾಪನೆಯಾಗಿದೆ ಎಂಬುದು ನಾಲ್ಕನೆಯದು. ಪ್ಯಾಕೇಜಸ್ ಫೈಲ್ ಹುಡುಕಿದಾಗ ನೀವು ಮೊದಲನೆಯದಕ್ಕೆ ಅರ್ಧ ಉತ್ತರ ಪಡೆದಿರಿ, ಎಂಪ್ಟಿಟ್ರೀ ನಿಮಗೆ ಮೂರನೆಯದರ ಉತ್ತರ ಕೊಟ್ಟಿತು, ನ್ಯಾನೋ ಹೋದದ್ದು ಎರಡನೆಯದಕ್ಕೆ ಸಂಬಂಧಿಸಿದ ವಿಷಯ. (ಕಮಾಂಡ್‌ಗಳನ್ನೂ ಫೈಲ್ ವಿಳಾಸಗಳನ್ನೂ ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಅವುಗಳ ಮೂಲ ಅಕ್ಷರಗಳನ್ನೇ ಟೈಪ್ ಮಾಡಬೇಕು.)

ಮೊದಲು ಪ್ಯಾಕೇಜಸ್ ಫೈಲ್ ಇಲ್ಲದ ಆ ಡೈರೆಕ್ಟರಿಯ ವಿಷಯ ನೋಡೋಣ. /ಇಟಿಸಿ/ಪೋರ್ಟೇಜ್/ಮೇಕ್.ಪ್ರೊಫೈಲ್ ಎಂಬುದು ಒಂದು ಸಾಂಕೇತಿಕ ಲಿಂಕ್. ಅದು ಜೆಂಟೂ ರೆಪೊಸಿಟರಿಯ ಪ್ರೊಫೈಲ್ಸ್ ಡೈರೆಕ್ಟರಿಯೊಳಗಿನ ಒಂದು ಉಪಡೈರೆಕ್ಟರಿಯನ್ನು ತೋರಿಸುತ್ತದೆ. ಆದರೆ ಆ ಉಪಡೈರೆಕ್ಟರಿಯೊಂದೇ ಪ್ರೊಫೈಲ್ ಅಲ್ಲ. ಅದರೊಳಗೆ ಪೇರೆಂಟ್ ಎಂಬ ಚಿಕ್ಕ ಫೈಲ್ ಇರುತ್ತದೆ, ಅದರ ಪ್ರತಿಯೊಂದು ಸಾಲೂ ಮತ್ತೊಂದು ಡೈರೆಕ್ಟರಿಯತ್ತ ಕೈತೋರಿಸುತ್ತದೆ, ಅಲ್ಲಿಯೂ ಪೇರೆಂಟ್ ಫೈಲ್ ಇದ್ದರೆ ಅದು ಇನ್ನೂ ಹಿಂದಕ್ಕೆ ಕರೆದೊಯ್ಯುತ್ತದೆ. ಡೆಸ್ಕ್‌ಟಾಪ್ ಪ್ರೊಫೈಲ್‌ನಿಂದ ಹೊರಟು ಹೀಗೆ ಹಿಂಬಾಲಿಸುತ್ತಾ ಹೋದರೆ ಯಂತ್ರದ ಆರ್ಕಿಟೆಕ್ಚರ್‌ಗೆ ಸಂಬಂಧಿಸಿದ ಡೈರೆಕ್ಟರಿ, ಲಿನಕ್ಸ್‌ಗೆ ಸಾಮಾನ್ಯವಾದ ಡೈರೆಕ್ಟರಿ, 23.0 ಬಿಡುಗಡೆಗೆ ಸೇರಿದ ಡೈರೆಕ್ಟರಿ ಇವೆಲ್ಲ ಸಿಗುತ್ತವೆ. ಎಲ್ಲಕ್ಕೂ ತಳದಲ್ಲಿ ಬೇಸ್ ಇದೆ. ಜೆಂಟೂದ ಪ್ಯಾಕೇಜ್ ನಿರ್ವಾಹಕವಾದ ಪೋರ್ಟೇಜ್ ತಳದಿಂದ ಓದಲು ಶುರುಮಾಡಿ ಮೇಲಕ್ಕೆ ಬರುತ್ತದೆ. ಒಂದೇ ಡೈರೆಕ್ಟರಿಗೆ ಹಲವು ಪೇರೆಂಟ್‌ಗಳಿದ್ದರೆ ಅವುಗಳನ್ನು ಫೈಲ್‌ನಲ್ಲಿರುವ ಕ್ರಮದಲ್ಲೇ ಓದಿ, ಆಮೇಲೆ ಆ ಡೈರೆಕ್ಟರಿಯ ಸ್ವಂತ ಫೈಲ್‌ಗಳನ್ನು ಓದುತ್ತದೆ. ನಂತರ ಓದಿದ್ದು ಮೊದಲು ಓದಿದ್ದನ್ನು ತಿದ್ದಬಲ್ಲದು. ಡೆಸ್ಕ್‌ಟಾಪ್ ಪ್ರೊಫೈಲ್‌ನ ಕೆಲಸ ಮುಖ್ಯವಾಗಿ ಯೂಸ್ ಫ್ಲ್ಯಾಗ್‌ಗಳನ್ನು (ಪ್ಯಾಕೇಜ್‌ನ ಯಾವ ಐಚ್ಛಿಕ ಸೌಲಭ್ಯಗಳನ್ನು ಸೇರಿಸಿ ಕಟ್ಟಬೇಕೆಂಬ ಸೂಚನೆಗಳನ್ನು) ಹೊಂದಿಸುವುದು. ಅದಕ್ಕೆ ತನ್ನದೇ ಪ್ಯಾಕೇಜ್ ಪಟ್ಟಿ ಬೇಕಿಲ್ಲ. ಫೈಲ್ ಇಲ್ಲವೆಂದರೆ ಸೆಟ್ ಖಾಲಿಯೆಂದಲ್ಲ, ಆ ಹಂತದಲ್ಲಿ ಸೇರಿಸುವುದಾಗಲೀ ತೆಗೆಯುವುದಾಗಲೀ ಏನೂ ಇಲ್ಲವೆಂದಷ್ಟೇ ಅರ್ಥ.

ಬೇಸ್‌ನ ಪ್ಯಾಕೇಜಸ್ ಫೈಲ್ ಅನ್ನು ತೆರೆದು ನೋಡಿ. ಅಲ್ಲಿ ಬ್ಯಾಶ್, ಕೋರ್‌ಯುಟಿಲ್ಸ್, ಗ್ರೆಪ್, ಸೆಡ್, ಜಿಸಿಸಿ, ಬಿನ್‌ಯುಟಿಲ್ಸ್, ಮೇಕ್ ಮುಂತಾದ ಹೆಸರುಗಳು ಸಾಲಾಗಿ ಸಿಗುತ್ತವೆ, ಪ್ರತಿಯೊಂದು ಹೆಸರಿನ ಮುಂದೆಯೂ * ಚಿಹ್ನೆ ಇರುತ್ತದೆ. ಈ ನಕ್ಷತ್ರ ಅಲಂಕಾರಕ್ಕಿಲ್ಲ. ನಕ್ಷತ್ರವಿರುವ ಸಾಲು ಸಿಸ್ಟಮ್ ಸೆಟ್‌ಗೆ ಸೇರುತ್ತದೆ. ನಕ್ಷತ್ರವಿಲ್ಲದ ಸಾಲು, ಆ ರೆಪೊಸಿಟರಿಯ ಲೇಔಟ್.ಕಾನ್ಫ್ ಫೈಲ್‌ನಲ್ಲಿ ಪ್ರೊಫೈಲ್-ಸೆಟ್ ಸೌಲಭ್ಯವನ್ನು ಘೋಷಿಸಿದ್ದರೆ ಮಾತ್ರ, @ಪ್ರೊಫೈಲ್ ಎಂಬ ಬೇರೆಯೇ ಸೆಟ್‌ಗೆ ಹೋಗುತ್ತದೆ. ಸಾಲಿನ ಮೊದಲಿಗೆ -* ಎಂದಿದ್ದರೆ, ಕೆಳಗಿನ ಹಂತದಲ್ಲಿ ಸೇರಿಸಿದ್ದನ್ನು ಇಲ್ಲಿ ತೆಗೆದುಹಾಕಲಾಗುತ್ತಿದೆ ಎಂದರ್ಥ. ಈ ತೆಗೆಯುವ ಸಾಲು ಮೂಲ ಸಾಲಿಗೆ ಅಕ್ಷರ ಅಕ್ಷರವೂ ಹೊಂದಬೇಕು. ಬೇಸ್‌ನಲ್ಲಿ ಬ್ಯಾಶ್‌ನ ಹೆಸರಿನ ಕೊನೆಗೆ :0 ಎಂಬ ಸ್ಲಾಟ್ ಸೂಚನೆ (ಒಂದೇ ಪ್ಯಾಕೇಜ್‌ನ ಹಲವು ಆವೃತ್ತಿಗಳನ್ನು ಒಟ್ಟಿಗೆ ಇಡಲು ಬಳಸುವ ಗುರುತು) ಇದೆ. ನಿಮ್ಮ ತೆಗೆಯುವ ಸಾಲಿನಲ್ಲಿ ಅದನ್ನು ಬಿಟ್ಟರೆ ಎರಡೂ ಹೊಂದಿಕೆಯಾಗುವುದಿಲ್ಲ, ಬ್ಯಾಶ್ ಸೆಟ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಕೈಯಲ್ಲಿ ಪಟ್ಟಿ ಮಾಡಲು ಹೊರಟವರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ: ಗ್ರೆಪ್‌ನಿಂದ ನಕ್ಷತ್ರವಿರುವ ಸಾಲುಗಳನ್ನೆಲ್ಲ ಹುಡುಕಿ ಒಟ್ಟುಗೂಡಿಸುತ್ತಾರೆ, ಆದರೆ ಮೇಲಿನ ಹಂತವೊಂದು ಅದರಲ್ಲಿ ಕೆಲವನ್ನು ತೆಗೆದಿರುವುದನ್ನು ಗಮನಿಸುವುದಿಲ್ಲ.

ಎಲ್ಲಕ್ಕೂ ಕೊನೆಯದಾಗಿ ಓದಲ್ಪಡುವುದು ನಿಮ್ಮದೇ ಯಂತ್ರದ /ಇಟಿಸಿ/ಪೋರ್ಟೇಜ್/ಪ್ರೊಫೈಲ್ ಡೈರೆಕ್ಟರಿ. ಅದರಲ್ಲಿ ನೀವೋ ನಿಮಗಿಂತ ಮೊದಲು ಆ ಯಂತ್ರವನ್ನು ನೋಡಿಕೊಳ್ಳುತ್ತಿದ್ದವರೋ ಒಂದು ಪ್ಯಾಕೇಜಸ್ ಫೈಲ್ ಇಟ್ಟಿದ್ದರೆ, ಒಂದೇ ಪ್ರೊಫೈಲ್ ಆಯ್ದುಕೊಂಡ ಎರಡು ಯಂತ್ರಗಳ ಸಿಸ್ಟಮ್ ಸೆಟ್ ಬೇರೆಯಾಗಿರಬಹುದು. ಹೋಲಿಕೆಗೆ ಮುನ್ನ ಈ ಡೈರೆಕ್ಟರಿಯನ್ನು ಮೂರೂ ಯಂತ್ರಗಳಲ್ಲಿ ನೋಡಿಬಿಡಿ.

ಇನ್ನು ನ್ಯಾನೋ. ಅದು ಸಿಸ್ಟಮ್ ಸೆಟ್‌ನಲ್ಲಿ ಇರಲಿಲ್ಲ. ಸೆಟ್‌ನಲ್ಲಿ ಇರುವುದು ವರ್ಚುವಲ್/ಎಡಿಟರ್ ಎಂಬ ಹೆಸರು. ಇದು ಸ್ವತಃ ಯಾವ ಪ್ರೋಗ್ರಾಮನ್ನೂ ಸ್ಥಾಪಿಸುವುದಿಲ್ಲ. ತನ್ನ ಪಟ್ಟಿಯಲ್ಲಿರುವ ಎಡಿಟರ್‌ಗಳ ಪೈಕಿ ಯಾವುದಾದರೂ ಒಂದು ಇರಬೇಕೆಂದು ಮಾತ್ರ ಕೇಳುತ್ತದೆ. ಹೊಸದಾಗಿ ಸ್ಥಾಪಿಸಿದಾಗ ನ್ಯಾನೋ ಆ ಜಾಗ ತುಂಬಿತ್ತು. ಆಮೇಲೆ ನೀವು ವಿಮ್ ಅಥವಾ ಬೇರೊಂದು ಎಡಿಟರ್ ಅನ್ನು ಹೆಸರಿಟ್ಟು ಸ್ಥಾಪಿಸಿದಿರಿ, ಅದು ವರ್ಲ್ಡ್ ಫೈಲ್‌ಗೆ (ನೀವೇ ಕೇಳಿ ಸ್ಥಾಪಿಸಿದವುಗಳ ಪಟ್ಟಿಗೆ) ಸೇರಿತು, ವರ್ಚುವಲ್‌ನ ಬೇಡಿಕೆಯನ್ನು ಅದೇ ಪೂರೈಸಿತು. ನ್ಯಾನೋವನ್ನು ಕೇಳುವವರು ಯಾರೂ ಉಳಿಯಲಿಲ್ಲವಾದ್ದರಿಂದ ಡಿಪ್‌ಕ್ಲೀನ್ ಅದನ್ನು ತೆಗೆಯಿತು. ನಿಮಗೆ ನ್ಯಾನೋ ಬೇಕೇ ಬೇಕೆಂದಿದ್ದರೆ ಎಮರ್ಜ್‌ಗೆ ನೋರಿಪ್ಲೇಸ್ ಆಯ್ಕೆ ಕೊಟ್ಟು ಅದರ ಹೆಸರನ್ನು ಹೇಳಿ. ಅದು ವರ್ಲ್ಡ್ ಫೈಲ್‌ನಲ್ಲಿ ದಾಖಲಾಗುತ್ತದೆ, ಮತ್ತೆ ಹೋಗುವುದಿಲ್ಲ.

ಈ ವರ್ಚುವಲ್‌ಗಳ ವಿಷಯವನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿಮ್ಮ ಹೋಲಿಕೆಗೆ ಇದೇ ಜೀವಾಳ. ಸೆಟ್‌ನಲ್ಲಿ ವರ್ಚುವಲ್/ಲಿಬ್‌ಸಿ ಇದೆ. ಸಾಮಾನ್ಯ ಪ್ರೊಫೈಲ್‌ನಲ್ಲಿ ಅದನ್ನು ಗ್ಲಿಬ್‌ಸಿ ಎಂಬ ಸಿ ಲೈಬ್ರರಿ ಪೂರೈಸಿದರೆ ಮಸಲ್ ಪ್ರೊಫೈಲ್‌ನಲ್ಲಿ ಮಸಲ್ ಪೂರೈಸುತ್ತದೆ. ವರ್ಚುವಲ್/ಸರ್ವಿಸ್-ಮ್ಯಾನೇಜರ್ ಇದೆ, ಒಂದು ಯಂತ್ರದಲ್ಲಿ ಓಪನ್‌ಆರ್‌ಸಿ, ಇನ್ನೊಂದರಲ್ಲಿ ಸಿಸ್ಟಮ್‌ಡಿ ಆ ಜಾಗದಲ್ಲಿ ಕೂರುತ್ತದೆ. ಪೋರ್ಟೇಜ್ ಕೂಡ ವರ್ಚುವಲ್/ಪ್ಯಾಕೇಜ್-ಮ್ಯಾನೇಜರ್ ಎಂಬ ಹೆಸರಿನ ಮೂಲಕವೇ ಒಳಗೆ ಬರುತ್ತದೆ. ಆದ್ದರಿಂದ ಎರಡು ಪ್ರೊಫೈಲ್‌ಗಳ ಸೆಟ್‌ಗಳನ್ನು ಬರೀ ಹೆಸರುಗಳಾಗಿ ಹೋಲಿಸಿದರೆ ಅವು ಬಹುತೇಕ ಒಂದೇ ಎಂದು ಕಾಣಬಹುದು, ಆದರೆ ಕೆಳಗಿನ ವ್ಯವಸ್ಥೆ ಪೂರ್ತಿ ಬೇರೆಯದೇ ಆಗಿರಬಹುದು. ಯಾವ ಪ್ಯಾಕೇಜ್ ಆ ಜಾಗದಲ್ಲಿ ಕೂರಬೇಕೆಂಬುದನ್ನು ನಿರ್ಧರಿಸುವುದು ಪ್ಯಾಕೇಜಸ್ ಫೈಲ್ ಅಲ್ಲ. ಪ್ರೊಫೈಲ್‌ನ ಯೂಸ್ ಫ್ಲ್ಯಾಗ್‌ಗಳು, ಮಾಸ್ಕ್‌ಗಳು (ಬಳಸದಂತೆ ತಡೆಯುವ ಸೂಚನೆಗಳು) ಮತ್ತು ಕಡ್ಡಾಯಗೊಳಿಸಿದ ಫ್ಲ್ಯಾಗ್‌ಗಳು. ಇವುಗಳೂ ಅದೇ ಪೇರೆಂಟ್ ಸರಪಳಿಯ ಮೂಲಕ ಒಂದರ ಮೇಲೊಂದು ಪೇರಿಸಿಕೊಂಡು ಬರುತ್ತವೆ.

ಇನ್ನೊಂದು ತಪ್ಪು ನಂಬಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಿಸ್ಟಮ್ ಸೆಟ್ ಎಂದರೆ ಯಂತ್ರ ಬೂಟ್ ಆಗಲು ಬೇಕಾದದ್ದೆಲ್ಲ ಎಂದು ಹಲವರು ತಿಳಿದಿದ್ದಾರೆ. ಕರ್ನೆಲ್ ಅದರಲ್ಲಿಲ್ಲ, ಬೂಟ್‌ಲೋಡರ್ ಕೂಡ ಇಲ್ಲ. ಸೆಟ್‌ನ ಉದ್ದೇಶ ಬೇರೆ. ಜೆಂಟೂದಲ್ಲಿ ಪ್ಯಾಕೇಜ್‌ಗಳನ್ನು ಮೂಲ ಕೋಡ್‌ನಿಂದ ಕಟ್ಟುವುದರಿಂದ ಪ್ರತಿಯೊಂದು ಈಬಿಲ್ಡ್‌ಗೂ (ಪ್ಯಾಕೇಜ್ ಕಟ್ಟುವ ಸೂಚನೆಗಳಿರುವ ಫೈಲ್) ಕಂಪೈಲರ್, ಮೇಕ್, ಶೆಲ್, ಟಾರ್‌ನಂಥ ಉಪಕರಣಗಳು ಬೇಕು. ಇವನ್ನೆಲ್ಲ ಪ್ರತಿಯೊಂದು ಈಬಿಲ್ಡ್‌ನಲ್ಲೂ ಅವಲಂಬನೆಯೆಂದು ಬರೆಯುವ ಬದಲು, ಸಿಸ್ಟಮ್ ಸೆಟ್‌ನಲ್ಲಿರುವುದು ಹೇಗೂ ಇದ್ದೇ ಇರುತ್ತದೆ ಎಂದು ಈಬಿಲ್ಡ್ ಬರೆಯುವವರು ಭಾವಿಸಬಹುದೆಂಬ ರೂಢಿ ಬೆಳೆದಿದೆ. ಪೋರ್ಟೇಜ್ ಕೂಡ ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕೆಲಸಗಳ ಕ್ರಮವನ್ನು ಜೋಡಿಸುತ್ತದೆ. ಇಂಪ್ಲಿಸಿಟ್-ಸಿಸ್ಟಮ್-ಡೆಪ್ಸ್ ಎಂಬ ಆಯ್ಕೆ ಬೇರೆ ಹೇಳದಿದ್ದರೆ ಸಕ್ರಿಯವಾಗಿಯೇ ಇರುತ್ತದೆ. ಹೀಗಾಗಿ ಸೆಟ್‌ನಲ್ಲಿರುವ ಪ್ಯಾಕೇಜೊಂದಕ್ಕೆ ಯಾರೂ ಅವಲಂಬಿತರಲ್ಲವೆಂದು ವಿಚಾರಿಸುವ ಕಮಾಂಡ್ ತೋರಿಸಿದರೂ ಅದನ್ನು ನಂಬಿ ತೆಗೆಯಬಾರದು. ದಾಖಲಾಗದ ಅವಲಂಬನೆಗಳು ಯಾವ ವಿಚಾರಣೆಯಲ್ಲೂ ಕಾಣುವುದಿಲ್ಲ. ಸೆಟ್‌ನ ಪ್ಯಾಕೇಜ್ ಅನ್ನು ಬಲವಂತವಾಗಿ ಅಳಿಸಲು ಹೋದಾಗ ಪೋರ್ಟೇಜ್ ಎಚ್ಚರಿಕೆ ಕೊಟ್ಟು ಕೆಲವು ಸೆಕೆಂಡುಗಳ ಕಾಲ ಎಣಿಸುತ್ತಾ ಕಾಯುವುದು ಇದೇ ಕಾರಣಕ್ಕೆ.

ಈಗ ನೀವು ನೇರವಾಗಿ ಕೇಳಿದ್ದಕ್ಕೆ ಬರುತ್ತೇನೆ: ಪ್ರೊಫೈಲ್ ಬದಲಿಸಿ, ನೋಡಿ, ಮರಳಿದರೆ ಹಾನಿಯೇ? ಇಸೆಲೆಕ್ಟ್ ಎಂಬ ಜೆಂಟೂ ಉಪಕರಣದಿಂದ ಪ್ರೊಫೈಲ್ ಬದಲಿಸಿದಾಗ ಆಗುವುದು ಆ ಒಂದು ಲಿಂಕ್ ಬದಲಾಗುವುದು ಮಾತ್ರ. ಒಂದು ಪ್ಯಾಕೇಜೂ ಆಗ ಬದಲಾಗುವುದಿಲ್ಲ. ಆ ಮಟ್ಟಿಗೆ ಹಾನಿಯಿಲ್ಲ. ಹಾನಿ ಇರುವುದು ನಡುವಿನ ಹೊತ್ತಿನಲ್ಲಿ. ನಾನು ನೋಡಿಕೊಳ್ಳುತ್ತಿದ್ದ ಯಂತ್ರವೊಂದರಲ್ಲಿ ಸಹೋದ್ಯೋಗಿಯೊಬ್ಬರು ಹೀಗೆಯೇ ಪಟ್ಟಿ ನೋಡಲೆಂದು ಡೆಸ್ಕ್‌ಟಾಪ್‌ನಿಂದ ಸಾದಾ ಪ್ರೊಫೈಲ್‌ಗೆ ಬದಲಿಸಿದರು, ಬೇರೆ ಕೆಲಸ ಬಂದು ಮರಳಿಸುವುದನ್ನು ಮರೆತರು. ರಾತ್ರಿ ನಿಗದಿಯಾಗಿದ್ದ ಅಪ್‌ಡೇಟ್, ಬದಲಾದ ಯೂಸ್ ಫ್ಲ್ಯಾಗ್‌ಗಳನ್ನು ಹಿಡಿದು, ಹಲವು ಪ್ಯಾಕೇಜ್‌ಗಳನ್ನು ಗ್ರಾಫಿಕಲ್ ಬೆಂಬಲವಿಲ್ಲದೆ ಮತ್ತೆ ಕಟ್ಟಿತು. ಯಾವ ಕಮಾಂಡೂ ತಪ್ಪಾಗಿರಲಿಲ್ಲ. ಎಲ್ಲವನ್ನೂ ಮೊದಲಿನಂತೆ ಮತ್ತೆ ಕಂಪೈಲ್ ಮಾಡಿ ಮುಗಿಸುವಷ್ಟರಲ್ಲಿ ಮರುದಿನ ಪೂರ್ತಿ ಕಳೆಯಿತು. ಬದಲಿಸದೆಯೇ ಕೇಳಲು ಒಳ್ಳೆಯ ದಾರಿಗಳಿರುವಾಗ ಚಾಲನೆಯಲ್ಲಿರುವ ಯಂತ್ರದ ಲಿಂಕ್ ಮುಟ್ಟಬೇಡಿ ಎಂಬುದು ನನ್ನ ಸಲಹೆ.

ನಾನು ಹೆಚ್ಚಾಗಿ ಬಳಸುವ ದಾರಿ ಪೋರ್ಟೇಜ್_ಕಾನ್ಫಿಗ್‌ರೂಟ್ ಎಂಬ ಪರಿಸರ ಚರಾಂಶ. ಪೋರ್ಟೇಜ್ ತನ್ನ ಸಂರಚನೆಯನ್ನು ಎಲ್ಲಿಂದ ಓದಬೇಕೆಂದು ಅದು ಹೇಳುತ್ತದೆ. ತಾತ್ಕಾಲಿಕ ಡೈರೆಕ್ಟರಿಯೊಂದನ್ನು ಮಾಡಿ, ಅದರೊಳಗೆ ಇಟಿಸಿ, ಅದರೊಳಗೆ ಪೋರ್ಟೇಜ್ ಎಂದು ಉಪಡೈರೆಕ್ಟರಿಗಳನ್ನು ರಚಿಸಿ, ಅಲ್ಲಿ ಮೇಕ್.ಪ್ರೊಫೈಲ್ ಎಂಬ ಲಿಂಕ್ ಇಟ್ಟು ನಿಮಗೆ ಬೇಕಾದ ಪ್ರೊಫೈಲ್‌ನತ್ತ ತಿರುಗಿಸಿ. ಚರಾಂಶಕ್ಕೆ ಈ ತಾತ್ಕಾಲಿಕ ಡೈರೆಕ್ಟರಿಯ ವಿಳಾಸ ಕೊಟ್ಟು, ಎಮರ್ಜ್ ಅನ್ನು ಪ್ರಿಟೆಂಡ್ (ಸ್ಥಾಪಿಸದೆ ಪಟ್ಟಿ ಮಾತ್ರ ತೋರಿಸುವ ಆಯ್ಕೆ), ಕ್ವಯಟ್ ಮತ್ತು ನೋಡೆಪ್ಸ್ ಆಯ್ಕೆಗಳೊಂದಿಗೆ @ಸಿಸ್ಟಮ್ ಮೇಲೆ ಓಡಿಸಿ. ಅವಲಂಬನೆಗಳನ್ನು ಬಿಟ್ಟು, ಸೆಟ್‌ನಲ್ಲಿರುವ ಹೆಸರುಗಳು ಮಾತ್ರ, ಅವುಗಳಿಗೆ ಆಯ್ಕೆಯಾಗುವ ಆವೃತ್ತಿಯೊಂದಿಗೆ ಸಾಲಾಗಿ ಬರುತ್ತವೆ. ನೋಡೆಪ್ಸ್ ತೆಗೆದು ಎಂಪ್ಟಿಟ್ರೀ ಹಾಕಿದರೆ ಮೂರನೆಯ ಪ್ರಶ್ನೆಯ ಉತ್ತರ, ಅಂದರೆ ಅವಲಂಬನೆಗಳೆಲ್ಲ ಸೇರಿದ ನೂರಾರು ಸಾಲುಗಳು ಬರುತ್ತವೆ. ವರ್ಚುವಲ್‌ಗಳನ್ನು ಯಾರು ಪೂರೈಸಿದ್ದಾರೆ ಎಂಬುದೂ ಆ ಪಟ್ಟಿಯಲ್ಲೇ ಸಿಗುತ್ತದೆ. ಮೂರು ಪ್ರೊಫೈಲ್‌ಗಳಿಗೆ ಮೂರು ತಾತ್ಕಾಲಿಕ ಡೈರೆಕ್ಟರಿ ಮಾಡಿಟ್ಟುಕೊಂಡರೆ ಒಂದೇ ಯಂತ್ರದಲ್ಲಿ ಕುಳಿತು ಮೂರನ್ನೂ ಹೋಲಿಸಬಹುದು.

ಇದರ ಅಪಾಯಗಳನ್ನೂ ತಿಳಿದಿರಿ. ಈ ಚರಾಂಶ ಸಂರಚನೆಯನ್ನು ಮಾತ್ರ ಬೇರೆ ಕಡೆಯಿಂದ ಓದಿಸುತ್ತದೆ. ಸ್ಥಾಪಿತ ಪ್ಯಾಕೇಜ್‌ಗಳ ದಾಖಲೆಯೂ ಸ್ಥಾಪನೆಯ ಗುರಿಯೂ ನಿಮ್ಮ ನಿಜವಾದ ಯಂತ್ರವೇ. ಪ್ರಿಟೆಂಡ್ ಆಯ್ಕೆ ಬಿಟ್ಟುಹೋದರೆ ಬೇರೆ ಪ್ರೊಫೈಲ್‌ನ ಲೆಕ್ಕದಲ್ಲಿ ನಿಜವಾಗಿಯೇ ಸ್ಥಾಪನೆ ಶುರುವಾಗುತ್ತದೆ. ಅದಕ್ಕೇ ನಾನು ಈ ವಿಚಾರಣೆಗಳನ್ನು ರೂಟ್ ಆಗಿ ಎಂದೂ ಮಾಡುವುದಿಲ್ಲ, ಸಾಮಾನ್ಯ ಬಳಕೆದಾರನಾಗಿಯೇ ಮಾಡುತ್ತೇನೆ. ಪ್ರಿಟೆಂಡ್ ಅಷ್ಟಕ್ಕೇ ಕೆಲಸ ಮಾಡುತ್ತದೆ, ಕೈತಪ್ಪಿದರೆ ಅನುಮತಿ ಇಲ್ಲದೆ ನಿಲ್ಲುತ್ತದೆ. ಎರಡನೆಯದಾಗಿ, ತಾತ್ಕಾಲಿಕ ಡೈರೆಕ್ಟರಿಯಲ್ಲಿ ನಿಮ್ಮ ಸ್ವಂತ ಸೆಟ್ಟಿಂಗ್‌ಗಳಿರುವ ಮೇಕ್.ಕಾನ್ಫ್ ಇಲ್ಲ, ಪ್ಯಾಕೇಜ್.ಯೂಸ್ ಇಲ್ಲ. ಬರುವ ಉತ್ತರ ಪ್ರೊಫೈಲ್‌ನ ಶುದ್ಧ ರೂಪದ್ದು. ಪ್ರೊಫೈಲ್‌ಗಳನ್ನು ತಮ್ಮತಮ್ಮಲ್ಲಿ ಹೋಲಿಸಲು ಅದೇ ಸರಿ. ನಿಮ್ಮ ಯಂತ್ರ ಆ ಪ್ರೊಫೈಲ್‌ಗೆ ಹೋದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಮಾತ್ರ ಆ ಫೈಲ್‌ಗಳನ್ನೂ ನಕಲು ಮಾಡಿ ಅಲ್ಲಿ ಇಡಬೇಕು. ಇವೆರಡನ್ನು ಬೆರೆಸಿದರೆ, ಯೂಸ್ ಫ್ಲ್ಯಾಗ್ ಬದಲಿಸಿ ಎಂಬ ಸಂದೇಶಗಳು ಬಂದು ಮತ್ತೆ ಗೊಂದಲವಾಗುತ್ತದೆ.

ಹೆಸರುಗಳ ಪಟ್ಟಿ ಮಾತ್ರ ಸಾಕು, ಆವೃತ್ತಿಯ ಲೆಕ್ಕಾಚಾರವೂ ಬೇಡವೆಂದರೆ ಪೋರ್ಟೇಜ್‌ನ ಪೈಥಾನ್ ಮಾಡ್ಯೂಲ್ ಇನ್ನೂ ನೇರ. ಅದರ ಕಾನ್ಫಿಗ್ ಕ್ಲಾಸ್‌ಗೆ ಕಾನ್ಫಿಗ್_ಪ್ರೊಫೈಲ್_ಪಾತ್ ಎಂಬಲ್ಲಿ ಪ್ರೊಫೈಲ್ ಡೈರೆಕ್ಟರಿಯ ಪೂರ್ಣ ವಿಳಾಸವನ್ನೂ, ಲೋಕಲ್_ಕಾನ್ಫಿಗ್ ಎಂಬಲ್ಲಿ ಫಾಲ್ಸ್ ಎಂದೂ ಕೊಡಿ. ಹಾಗೆ ಸಿಕ್ಕ ಆಬ್ಜೆಕ್ಟ್‌ನ ಪ್ಯಾಕೇಜಸ್ ಎಂಬ ಗುಣದಲ್ಲಿ, ಪೇರೆಂಟ್ ಸರಪಳಿಯನ್ನೆಲ್ಲ ಓದಿ, ತೆಗೆಯುವ ಸಾಲುಗಳನ್ನು ಅನ್ವಯಿಸಿ ಮುಗಿಸಿದ ಪಟ್ಟಿ ಇರುತ್ತದೆ. ಅದರಲ್ಲಿ ನಕ್ಷತ್ರದಿಂದ ಶುರುವಾಗುವವುಗಳನ್ನು ಆರಿಸಿದರೆ ಸಿಸ್ಟಮ್ ಸೆಟ್ ಸಿಕ್ಕಂತೆ. ಪ್ರತಿಯೊಂದು ಪ್ರೊಫೈಲ್‌ನ ಪಟ್ಟಿಯನ್ನು ವಿಂಗಡಿಸಿ ಬೇರೆ ಬೇರೆ ಫೈಲ್‌ಗೆ ಬರೆದು ಡಿಫ್ ಹಾಕಿ. ಹತ್ತು ಹನ್ನೆರಡು ಸಾಲಿನ ಸ್ಕ್ರಿಪ್ಟ್ ಸಾಕು. ಲೋಕಲ್_ಕಾನ್ಫಿಗ್ ವಿಷಯ ಮರೆತರೆ ನಿಮ್ಮ ಯಂತ್ರದ /ಇಟಿಸಿ/ಪೋರ್ಟೇಜ್/ಪ್ರೊಫೈಲ್ ತಿದ್ದುಪಡಿಗಳು ಎಲ್ಲ ಪಟ್ಟಿಗಳಲ್ಲೂ ನುಸುಳುತ್ತವೆ. ಪೋರ್ಟೇಜ್‌ಗೆ ಪರ್ಯಾಯವಾದ ಪಿಕೆಜಿಕೋರ್ ಬಳಸುವವರಿಗೆ ಅದರ ಪಿಇನ್‌ಸ್ಪೆಕ್ಟ್ ಕಮಾಂಡ್‌ನಲ್ಲಿ ಪ್ರೊಫೈಲ್‌ನ ಸಿಸ್ಟಮ್ ಸೆಟ್ ತೋರಿಸುವ ಉಪಕಮಾಂಡ್ ಸಿದ್ಧವಾಗಿಯೇ ಇದೆ. ಎಮರ್ಜ್‌ನ ಲಿಸ್ಟ್-ಸೆಟ್ಸ್ ಆಯ್ಕೆ ಮಾತ್ರ ನಿಮ್ಮ ಈ ಕೆಲಸಕ್ಕೆ ಬಾರದು. ಯಾವ ಯಾವ ಸೆಟ್‌ಗಳಿವೆ ಎಂದು ಅದು ಹೇಳುತ್ತದೆ, ಅವುಗಳ ಒಳಗೆ ಏನಿದೆ ಎಂದು ಹೇಳುವುದಿಲ್ಲ.

ಪಟ್ಟಿಗಳನ್ನು ಓದುವಾಗ @ಸಿಸ್ಟಮ್ ಅನ್ನೂ @ವರ್ಲ್ಡ್ ಅನ್ನೂ ಬೆರೆಸಬೇಡಿ. @ವರ್ಲ್ಡ್ ಎಂಬುದು @ಸಿಸ್ಟಮ್, @ಪ್ರೊಫೈಲ್ ಮತ್ತು @ಸೆಲೆಕ್ಟೆಡ್ ಮೂರೂ ಸೇರಿದ್ದು. @ಸೆಲೆಕ್ಟೆಡ್ ಅಂದರೆ ನೀವೇ ಹೆಸರಿಟ್ಟು ಕೇಳಿದ ಪ್ಯಾಕೇಜ್‌ಗಳು ಮತ್ತು ಸೆಟ್‌ಗಳು. ಅದು /ವಾರ್/ಲಿಬ್/ಪೋರ್ಟೇಜ್ ಡೈರೆಕ್ಟರಿಯ ಫೈಲ್‌ಗಳಲ್ಲಿ ದಾಖಲಾಗಿರುತ್ತದೆ, ಪ್ರೊಫೈಲ್ ಬದಲಾದರೂ ಬದಲಾಗುವುದಿಲ್ಲ.

ನಿಮ್ಮ ಮೂರನೆಯ ಯಂತ್ರದ ಬಗ್ಗೆ ಈಗ ಸ್ಪಷ್ಟವಾಗಿಯೇ ಹೇಳಬೇಕು. ಓಪನ್‌ಆರ್‌ಸಿ ಮತ್ತು ಸಿಸ್ಟಮ್‌ಡಿ ನಡುವಿನ ಬದಲಾವಣೆಯನ್ನು ಶ್ರದ್ಧೆಯಿಂದ ಮಾಡಿದರೆ ಇದ್ದ ಯಂತ್ರದಲ್ಲೇ ಮಾಡಬಹುದು. ಹಳೆಯ 17.1 ಪ್ರೊಫೈಲ್‌ನಿಂದ, 2024ರ ಮಾರ್ಚ್‌ನಲ್ಲಿ ಬಂದ 23.0 ಪ್ರೊಫೈಲ್‌ಗೆ ಸಾಗಲು ಕೂಡ, ಮೊದಲು ಬಿನ್‌ಯುಟಿಲ್ಸ್, ಜಿಸಿಸಿ, ಲಿಬ್‌ಸಿ ಕಟ್ಟಿಕೊಂಡು ಆಮೇಲೆ @ವರ್ಲ್ಡ್ ಅನ್ನು ಪೂರ್ತಿಯಾಗಿ ಮರುಕಟ್ಟುವ ವಿಧಾನವನ್ನು ಜೆಂಟೂ ಪ್ರಕಟಿಸಿತ್ತು. ಆದರೆ ಗ್ಲಿಬ್‌ಸಿಯಿಂದ ಮಸಲ್‌ಗೆ ಇದ್ದ ಯಂತ್ರದಲ್ಲೇ ಸಾಗುವುದಕ್ಕೆ ಬೆಂಬಲವಿಲ್ಲ. ಸ್ಥಾಪಿತವಾಗಿರುವ ಪ್ರತಿಯೊಂದು ಬೈನರಿಯೂ, ಕಂಪೈಲರ್ ಮತ್ತು ಪೋರ್ಟೇಜ್ ಓಡಿಸುವ ಪೈಥಾನ್ ಕೂಡ, ಗ್ಲಿಬ್‌ಸಿಗೆ ಜೋಡಣೆಯಾಗಿಯೇ ಇವೆ. ಅದನ್ನು ತೆಗೆದ ಕ್ಷಣ ಮುಂದಿನ ಪ್ಯಾಕೇಜ್ ಕಟ್ಟುವ ಉಪಕರಣವೇ ಓಡುವುದಿಲ್ಲ. ಸಿಸ್ಟಮ್ ಸೆಟ್‌ಗಳ ಹೆಸರುಗಳು ಎಷ್ಟೇ ಹೋಲಿದರೂ ಈ ಸ್ಥಿತಿ ಬದಲಾಗದು.

ಹಾಗಾಗಿ ಆ ಯಂತ್ರಕ್ಕೆ ಮಸಲ್‌ನ ಸ್ಟೇಜ್ 3 ಆರ್ಕೈವ್ ಅನ್ನು ಇಳಿಸಿಕೊಂಡು, ಖಾಲಿ ಡೈರೆಕ್ಟರಿಯಲ್ಲಿ ಬಿಚ್ಚಿ, ಕ್ರೂಟ್ ಮಾಡಿ (ಆ ಡೈರೆಕ್ಟರಿಯನ್ನೇ ಮೂಲ ಡೈರೆಕ್ಟರಿಯಾಗಿ ಬಳಸಿ) ಒಳಗೆ ಹೋಗಿ ನೋಡಿ. ಸ್ಟೇಜ್ 3 ಎಂದರೆ ಆ ಪ್ರೊಫೈಲ್‌ನ ಸಿಸ್ಟಮ್ ಸೆಟ್ ಅನ್ನು ಅವಲಂಬನೆಗಳೊಂದಿಗೆ ಕಟ್ಟಿಟ್ಟ ವ್ಯವಸ್ಥೆಯೇ ಆದ್ದರಿಂದ, ನಿಮ್ಮ ನಾಲ್ಕೂ ಪ್ರಶ್ನೆಗಳಿಗೆ ಅಲ್ಲಿ ಒಂದೇ ಕಡೆ ಉತ್ತರ ಸಿಗುತ್ತದೆ, ಮತ್ತು ಅಲ್ಲಿ ಏನೇ ತಪ್ಪಿದರೂ ಆ ಡೈರೆಕ್ಟರಿಗೆ ಬಂಧಿಸಿದ್ದ ಮೌಂಟ್‌ಗಳನ್ನು ಮೊದಲು ಬಿಡಿಸಿ ಅದನ್ನು ಅಳಿಸಿದರೆ ಮುಗಿಯಿತು. ಈಗಿನ ಯಂತ್ರದ ವರ್ಲ್ಡ್ ಫೈಲ್ ಅನ್ನು ಅದರೊಳಗೆ ನಕಲು ಮಾಡಿ, @ಸೆಲೆಕ್ಟೆಡ್ ಮೇಲೆ ಪ್ರಿಟೆಂಡ್ ಓಡಿಸಿ. ನಿಮಗೆ ಬೇಕಾದವುಗಳಲ್ಲಿ ಯಾವುದು ಮಸಲ್ ಪ್ರೊಫೈಲ್‌ನಲ್ಲಿ ಮಾಸ್ಕ್ ಆಗಿದೆ ಎಂದು ಅದು ಹೇಳುತ್ತದೆ. ಮಸಲ್‌ನಲ್ಲಿ ಕಟ್ಟುವಾಗ ಮುರಿಯುವ ಪ್ಯಾಕೇಜ್‌ಗಳು ಮಾತ್ರ ಪ್ರಿಟೆಂಡ್‌ನಲ್ಲಿ ಕಾಣುವುದಿಲ್ಲ. ನಿಮಗೆ ಅನಿವಾರ್ಯವಾದ ಐದಾರನ್ನು ಕ್ರೂಟ್‌ನೊಳಗೆ ನಿಜವಾಗಿಯೇ ಕಟ್ಟಿ ನೋಡಿದ ಮೇಲೆ ಹೊಸದಾಗಿ ಸ್ಥಾಪಿಸುವ ದಿನವನ್ನು ಗೊತ್ತುಮಾಡಿ.